ತೊಗರಿಯ ನೆಟೆ ರೋಗ: ಮಣ್ಣಲ್ಲಿ ಅಡಗಿದ ಶಿಲೀಂಧ್ರದ ಬೆನ್ನು ಹತ್ತಿದ ಸಂಶೋಧನೆ

ಬೀದರ್ ಜಿಲ್ಲೆ ಔರಾದ ತಾಲ್ಲೂಕಿನ ಎಕಂಬಾ ಸುತ್ತಮುತ್ತ ಮುಂಗಾರಿಗೆ ಬಿತ್ತಿದ ತೊಗರಿ ಹೂ ಕಟ್ಟುವುದು ದೀಪಾವಳಿಯ ಆಸುಪಾಸಿಗೆ. ನೆಟೆ ರೋಗ ಕಣ್ಣಿಗೆ ಬೀಳುವುದೂ ಹೆಚ್ಚಾಗಿ ಆಗಲೇ. ಎದೆಮಟ್ಟ ಬೆಳೆದ ಗಿಡ, ಕಾಲಡಿ ಇನ್ನೂ ಹಸಿ ಇರುವಾಗಲೇ ನೀರು ಕಾಣದಂತೆ ಜೋತು ಒಣಗುತ್ತದೆ. ಇದಕ್ಕೆ ಕಾರಣ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಬಾಳೆಯ ಪನಾಮಾ ಸೊರಗು ರೋಗ ತರುವುದು, ಕ್ಯಾಲಿಫೋರ್ನಿಯಾ ಮತ್ತು ಸ್ಪೇನ್‌ನ ಪೈನ್ ಮರಗಳಿಂದ ರಾಳ ಸುರಿಸಿ ಕೊಲ್ಲುವುದು ಇದೇ ಕುಲದ ಬೇರೆ ಪ್ರಭೇದಗಳು.

ಗಿಡದೊಳಗೆ ನಡೆಯುವುದೇನು?

ಶಿಲೀಂಧ್ರ ಎಳೆಬೇರಿನ ಮೂಲಕ ಒಳಹೊಕ್ಕು, ನೀರು ಮೇಲಕ್ಕೆ ಹರಿಯುವ ನಾಳಗಳಲ್ಲಿ ಬೆಳೆಯುತ್ತ ಅವನ್ನು ಕಟ್ಟಿಹಾಕುತ್ತದೆ. ಸೋಂಕು ತಗಲಿದ್ದು ಮಳೆಗಾಲದಲ್ಲಾದರೂ ಲಕ್ಷಣ ತೋರುವುದು ತಿಂಗಳುಗಳ ನಂತರ, ಹೂ-ಕಾಯಿಯ ಹೊತ್ತಿಗೆ ಗಿಡದ ನೀರಿನ ಬೇಡಿಕೆ ಏರಿದಾಗ. ಕಾಂಡದ ಬುಡದಿಂದ ಮೇಲಕ್ಕೆ ಏರುವ ನೇರಳೆ ಪಟ್ಟಿ ಇದರ ಮುಖ್ಯ ಗುರುತು. ಕಾಂಡವನ್ನು ಸೀಳಿದರೆ ಒಳಗೆ ಕಂದು-ಕಪ್ಪು ಗೆರೆಗಳು. ಕೆಲವೊಮ್ಮೆ ಒಂದೇ ಮಗ್ಗುಲಿನ ಕೊಂಬೆಗಳು ಒಣಗಿ, ಇನ್ನೊಂದು ಮಗ್ಗುಲು ಹಸಿರಾಗೇ ಇರುತ್ತದೆ.

ನಷ್ಟ ಎಷ್ಟೆಂಬುದು ಗಿಡ ಯಾವಾಗ ಬಾಡಿತು ಎನ್ನುವುದರ ಮೇಲೆ ನಿಂತಿದೆ. ಕಾಯಿ ಕಟ್ಟುವ ಮೊದಲೇ ಬಾಡಿದರೆ ಆ ಗಿಡದಿಂದ ಏನೂ ಸಿಗದು. ಕಾಯಿ ಬಲಿಯುವಾಗ ಬಾಡಿದರೆ ಸುಮಾರು ಶೇ 67, ಕೊಯ್ಲಿನ ಹೊಸ್ತಿಲಲ್ಲಿ ಬಾಡಿದರೆ ಸುಮಾರು ಶೇ 30ರಷ್ಟು ಇಳುವರಿ ಹೋಗುತ್ತದೆ ಎಂದು ಸಂಶೋಧಕರಾದ ಕಣ್ಣಯ್ಯನ್ ಮತ್ತು ನೆನೆ 1981ರಲ್ಲಿ ಲೆಕ್ಕ ಕೊಟ್ಟರು.

ಪೂಸಾದಲ್ಲಿ ಸಿಕ್ಕ ಗುರುತು

ರೋಗಕಾರಕವನ್ನು ಹಿಡಿದವನು ಎಡ್ವಿನ್ ಜಾನ್ ಬಟ್ಲರ್. ಬಿಹಾರದ ಪೂಸಾದಲ್ಲಿದ್ದ ಇಂಪೀರಿಯಲ್ ಕೃಷಿ ಸಂಶೋಧನಾ ಸಂಸ್ಥೆಯ ಶಿಲೀಂಧ್ರ ತಜ್ಞ. ಸತ್ತ ತೊಗರಿ ಬೇರುಗಳ ಮೇಲೆ ನಿಯೋಕಾಸ್ಮೊಸ್ಪೊರಾ ಎಂಬ ಇನ್ನೊಂದು ಶಿಲೀಂಧ್ರವೂ ಸಿಗುತ್ತಿತ್ತು. ಕೊಲೆಗಾರ ಅದೇ ಎಂಬ ಅನುಮಾನ ಅಂದಿನ ವಿಜ್ಞಾನದಲ್ಲಿ ಬಲವಾಗಿತ್ತು. ಅದು ಸತ್ತ ಬೇರಿನ ಮೇಲೆ ಬೆಳೆಯುವ ಅತಿಥಿ ಮಾತ್ರ, ಕೊಲ್ಲುವುದು ಫ್ಯುಸೇರಿಯಂ ಎಂದು ಬಟ್ಲರ್ ತೋರಿಸಿದ. 1910ರಲ್ಲಿ ಅದಕ್ಕೆ ಉಡಮ್ ಎಂಬ ಹೆಸರೂ ಬಂತು.

ರೋಗವನ್ನೇ ಸಾಕಿದ ಹೊಲ

ಬೀದರ್‌ನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆ ಶುರುವಾಯಿತು. ಅಲ್ಲಿ ವೈ. ಎಲ್. ನೆನೆ ಮತ್ತು ಸಂಗಡಿಗರು ಮಾಡಿದ ಕೆಲಸ ಮೊದಲ ನೋಟಕ್ಕೆ ವಿಚಿತ್ರ. ನೆಟೆ ಹೊಡೆದ ಗಿಡಗಳನ್ನು ಕತ್ತರಿಸಿ ಮಣ್ಣಿಗೆ ಬೆರೆಸಿದರು, ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯನ್ನೇ ಅಲ್ಲಿ ಮತ್ತೆ ಮತ್ತೆ ಬಿತ್ತಿದರು. ಹೊಲದ ಮೂಲೆಮೂಲೆಯಲ್ಲೂ ರೋಗ ಸಮನಾಗಿ ನೆಲೆಯಾಗುವ ತನಕ ಇದು ನಡೆಯಿತು.

ಒಳ್ಳೆಯ ಹೊಲದಲ್ಲಿ ಬದುಕಿದ ಗಿಡಕ್ಕೆ ನಿರೋಧಶಕ್ತಿ ಇತ್ತೋ, ರೋಗವೇ ತಗಲಲಿಲ್ಲವೋ ಹೇಳಲಾಗದು. ಕೆಟ್ಟ ಹೊಲದಲ್ಲಿ ಆ ಗೊಂದಲವಿಲ್ಲ. ಈ ಹೊಲದ ಪರೀಕ್ಷೆಯಲ್ಲಿ ಗೆದ್ದ ಒಂದು ಸಾಲು ಐಸಿಪಿ 8863, ಮಹಾರಾಷ್ಟ್ರದ ತಳಿಯೊಂದರಿಂದ ಆಯ್ದು ಶುದ್ಧಗೊಳಿಸಿದ್ದು. 1986ರಲ್ಲಿ ಅದು ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದ ರೈತರಿಗೆ ಸಿಕ್ಕಿತು. 1990ರ ದಶಕದ ಆರಂಭಕ್ಕೆ ಉತ್ತರ ಕರ್ನಾಟಕದ ತೊಗರಿ ಸೀಮೆಯ ಅರ್ಧಕ್ಕೂ ಹೆಚ್ಚು ನೆಲ ಅದರದ್ದಾಗಿತ್ತು. ನನ್ನ ಲೆಕ್ಕದಲ್ಲಿ, ಈ ಭಾಗದ ಒಣಬೇಸಾಯಕ್ಕೆ ಪ್ರಯೋಗಾಲಯದಿಂದ ನೇರವಾಗಿ ಬಂದ ದೊಡ್ಡ ಲಾಭಗಳಲ್ಲಿ ಇದೂ ಒಂದು.

ಮಾರುತಿಗೂ ಒಂದು ದೌರ್ಬಲ್ಯವಿತ್ತು. ನೆಟೆಗೆ ಬಗ್ಗದ ಅದು ಗೊಡ್ಡು ರೋಗಕ್ಕೆ ಸುಲಭವಾಗಿ ಸೋತಿತು. ಗೊಡ್ಡು ರೋಗ ಶಿಲೀಂಧ್ರದ್ದಲ್ಲ. ಕಣ್ಣಿಗೆ ಕಾಣದ ನುಸಿ ಹೊತ್ತು ತರುವ ವೈರಸ್‌ನದು. ಗಿಡ ಪೊದೆಯಂತೆ ಹಬ್ಬುತ್ತದೆ, ಕಾಯಿ ಮಾತ್ರ ಇರುವುದಿಲ್ಲ. ಎರಡನ್ನೂ ತಡೆಯುವ ‘ಆಶಾ’ (ಐಸಿಪಿಎಲ್ 87119) ಬಿಡುಗಡೆಯಾದದ್ದು 1993ರಲ್ಲಿ. 2011ರಲ್ಲಿ ವಿಜ್ಞಾನಿಗಳು ತೊಗರಿಯ ಜೀನೋಮ್ ಓದಲು ಆರಿಸಿಕೊಂಡದ್ದೂ ಇದೇ ತಳಿಯನ್ನು. ಮರಾಠವಾಡದ ಬದನಾಪುರದಿಂದ ಬಂದ ಬಿಎಸ್‌ಎಂಆರ್ 736 ಗಡಿಯಾಚೆ ಈಚೆ ಎರಡೂ ಕಡೆ ಬೇರೂರಿತು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಟಿಎಸ್-3ಆರ್, ಜಿಆರ್‌ಜಿ-811 ಆಮೇಲಿನವು.

ಒಣಗಿದ್ದೆಲ್ಲ ಒಂದೇ ರೋಗವಲ್ಲ

ಇಷ್ಟು ತಳಿಗಳಿದ್ದೂ 2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ್ ಭಾಗದಲ್ಲಿ ತೊಗರಿ ಒಣಗಿ, ಸರ್ಕಾರ ಹೆಕ್ಟೇರಿಗೆ ₹10,000 ಪರಿಹಾರ ಘೋಷಿಸಬೇಕಾಯಿತು. ಹೊಲದಲ್ಲಿ ಎಲ್ಲಕ್ಕೂ ‘ನೆಟೆ ಹೊಡೀತು’ ಎನ್ನುವುದು ರೂಢಿ. ಆದರೆ ಒಣ ಬೇರು ಕೊಳೆ ತರುವುದು ಮ್ಯಾಕ್ರೋಫೊಮಿನಾ ಎಂಬ ಬೇರೆಯೇ ಶಿಲೀಂಧ್ರ; ತೇವ ಆರಿ ಬಿಸಿ ಏರಿದಾಗ ಅದರ ಕೈ ಮೇಲಾಗುತ್ತದೆ, ಬೇರು ಒಣಗಿ ಪಟ್ಟನೆ ಮುರಿಯುತ್ತದೆ. ಮಳೆ ಜಾಸ್ತಿಯಾಗಿ ನೀರು ನಿಂತ ಕಪ್ಪು ಮಣ್ಣಿನಲ್ಲಿ ಎಳೆಗಿಡ ಕೊಲ್ಲುವುದು ಫೈಟಾಫ್ತೋರಾ ಎಂಬ ಇನ್ನೊಂದು ರೋಗಾಣು. ಫ್ಯುಸೇರಿಯಂಗೆ ಬಗ್ಗದ ತಳಿ ಈ ಎರಡಕ್ಕೂ ಬಗ್ಗದು ಎಂಬ ಭರವಸೆಯಿಲ್ಲ. ಅಂಗಡಿಗೆ ಓಡುವ ಮುನ್ನ ಒಂದು ಕಾಂಡ ಸೀಳಿ ನೋಡುವುದು, ಅಥವಾ ಬೇರು ಸಮೇತ ಗಿಡ ಕಿತ್ತು ಜನವಾಡದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯುವುದು ಮೇಲು.

ತಡೆ ಬಿತ್ತುವ ಮೊದಲೇ

ಬಾಡಿದ ಗಿಡಕ್ಕೆ ಎಣ್ಣಿ (ಔಷಧ) ಹೊಡೆದು ಉಳಿಸಲಾಗದು. ರೋಗ ಇರುವುದು ನಾಳದೊಳಗೆ, ಸಿಂಪಡಣೆ ಬೀಳುವುದು ಎಲೆಯ ಮೇಲೆ. ಮಾಡಬೇಕಾದದ್ದು ಬಿತ್ತುವ ಮೊದಲೇ: ನಿರೋಧಕ ತಳಿಯ ಬೀಜ, ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಉಪಚಾರ, ಅದನ್ನೇ ಬೆರೆಸಿದ ತಿಪ್ಪೆಗೊಬ್ಬರ, ನೀರು ನಿಲ್ಲದಂತೆ ಬಸಿಗಾಲುವೆ.

ಎಲ್ಲಕ್ಕಿಂತ ಕಷ್ಟದ್ದು ಬೆಳೆ ಸರದಿ. ತೊಗರಿ ಕಟ್ಟಿಗೆ ಒಲೆಗೋ ಬೇಲಿಗೋ ಹೋದರೂ ಬುಡ ಮತ್ತು ಬೇರು ನೆಲದಲ್ಲೇ ಉಳಿಯುತ್ತವೆ. ಅವುಗಳ ಮೇಲೆ ಶಿಲೀಂಧ್ರ ಸುಮಾರು ಮೂರು ವರ್ಷ ಜೀವ ಹಿಡಿಯಬಲ್ಲದು. ಇದರ ಆಹಾರ ತೊಗರಿ ಮತ್ತು ಅದರ ಕಾಡು ನೆಂಟರಷ್ಟೇ. ಹಾಗಾಗಿ ತೊಗರಿಯೇ ಇಲ್ಲದ ವರ್ಷಗಳು ಬಂದರೆ ಅದು ಕ್ಷೀಣಿಸುತ್ತದೆ. ಜೋಳದ ಜೊತೆ ಅಕ್ಕಡಿಯಾಗಿ ಬೆಳೆದ ತೊಗರಿಯಲ್ಲಿ ನೆಟೆ ಕಡಿಮೆ ಎಂಬುದು ಪಟಾನ್‌ಚೆರುವಿನ ಪ್ರಯೋಗಗಳಲ್ಲೂ ಕಂಡಿದೆ. ಬೀದರ್ ಜಿಲ್ಲೆಯ ಮುಂಗಾರಿ ಹೊಲಗಳನ್ನು ಈಗ ಸೋಯಾ ಹಿಡಿದಿದೆ, ಅದರ ನಡುನಡುವೆ ತೊಗರಿ ಸಾಲು. ಮುಖ್ಯ ಬೆಳೆ ಬದಲಾದಂತೆ ಕಂಡರೂ ಪ್ರತಿವರ್ಷ ಅದೇ ನೆಲದಲ್ಲಿ ತೊಗರಿ ಬೇರು ಇಳಿಯುತ್ತಿದ್ದರೆ ಶಿಲೀಂಧ್ರಕ್ಕೆ ಬಿಡುವೇ ಸಿಗದು. ತೊಗರಿ ಸಾಲು ಬಿಟ್ಟರೆ ಆ ವರ್ಷದ ನಗದಿನಲ್ಲಿ ಒಂದು ಪಾಲು ಹೋಗುತ್ತದೆ, ಜೋಳಕ್ಕೆ ಆ ದರವಿಲ್ಲ. ಸರದಿಯ ಸಲಹೆ ಹೊಲದಲ್ಲಿ ನಿಲ್ಲದಿರುವುದು ರೈತನ ಅಜ್ಞಾನದಿಂದಲ್ಲ, ಈ ಲೆಕ್ಕದಿಂದ.