ಶ್ರೀರಂಗಪಟ್ಟಣದ 15 ಕ್ರಿಸ್ಮಸ್

"ಕ್ರಿಸ್ಮಸ್ ರಜೆಗೆ ಎರಡು ದಿನ ಶ್ರೀರಂಗಪಟ್ಟಣಕ್ಕೆ ಹೋಗುತ್ತೇವೆ ಫಾದರ್, ಏನು ನೋಡಬಹುದು?" ಎಂದು ನವದಂಪತಿಗಳು ಕೇಳಿದರು. ಕೋಟೆ, ಗುಂಬಜ್‌ಗಳನ್ನು ಎಲ್ಲರೂ ನೋಡುತ್ತಾರೆ. ಗಂಜಾಮಿನ ಅಬ್ಬೆ ದ್ಯುಬುವಾ ದೇವಾಲಯಕ್ಕೂ ಹೋಗಿ ಎಂದೆ.

ಬ್ರಿಟಿಷರಿಗೆ ನೆರವಾದರೆಂಬ ಸಂಶಯದಿಂದ 1784ರಲ್ಲಿ ಟಿಪ್ಪುಸುಲ್ತಾನರು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಇಲ್ಲಿಗೆ ನಡೆಸಿ ತಂದರು. ಎಷ್ಟು ಮಂದಿ ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಹಲವರು ದಾರಿಯಲ್ಲೇ ಸತ್ತರು. 1799ರ ಮೇ 4ರಂದು ಕೋಟೆ ಬೀಳುವವರೆಗೆ ಸೆರೆಯಲ್ಲಿ ಕಳೆದದ್ದು 15 ಕ್ರಿಸ್ಮಸ್. ಅವರ ಊರಿನ ಗುರುಗಳು ಗಡೀಪಾರಾಗಿದ್ದರು. ಒತ್ತಾಯಕ್ಕೆ ಮಣಿದು ವಿಶ್ವಾಸ ಬಿಟ್ಟವರೂ ಇದ್ದರು. ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಕೋಟೆ ಬಿದ್ದ ಮೇಲೆ ಚದುರಿದ ಮಂದೆಯನ್ನು ಕೂಡಿಸಲು ಬಂದ ಫ್ರೆಂಚ್ ಗುರು ದ್ಯುಬುವಾ ಮರಳಿ ಬಂದವರನ್ನು ಸೇರಿಸಿಕೊಂಡರು.

ಅಲ್ಲಿ ಒಂದು ಮೇಣದಬತ್ತಿ ಹಚ್ಚಿ ಬನ್ನಿ, ಇಬ್ಬಗೆಯವರಿಗಾಗಿಯೂ.