ಅಂಕೆಗೆ ಬಣ್ಣ ಬಂದ ಬಗೆ

ಶಾಲೆಯ ಅಂಕಪಟ್ಟಿಯಲ್ಲಿ ಕೆಲವು ಅಂಕಗಳ ಕೆಳಗೆ ಎಳೆಯುತ್ತಿದ್ದ ಕೆಂಪು ಗೆರೆ ಹಲವರಿಗೆ ನೆನಪಿರಬಹುದು. ಮೇಷ್ಟ್ರು ಪಟ್ಟಿ ಬರೆಯುತ್ತಿದ್ದುದು ನೀಲಿ ಶಾಯಿಯಲ್ಲಿ. 35ಕ್ಕಿಂತ ಕಡಿಮೆ ಬಂದ ಕಡೆ ಮಾತ್ರ ಪೆನ್ನು ಬದಲಾಗುತ್ತಿತ್ತು. ಓದು ಬಾರದ ತಂದೆತಾಯಿಗಳಿಗೂ ಆ ಗೆರೆಯ ಅರ್ಥ ತಿಳಿಯುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿಯೂ ಇದೇ ಬಗೆಯದು. ಪೆನ್ನು ಬದಲಿಸುವ ಈ ಕೆಲಸವನ್ನು ಈಗ ಗಣಕವೇ ಮಾಡುತ್ತದೆ. ಸ್ಪ್ರೆಡ್‌ಶೀಟಿನ ಕೋಶದಲ್ಲಿ 34 ಎಂದು ಒತ್ತಿದರೆ ಕೋಶ ತಾನಾಗಿ ಕೆಂಪಾಗುತ್ತದೆ. ಅದನ್ನು 36 ಎಂದು ತಿದ್ದಿದರೆ ಕೆಂಪು ಮಾಯವಾಗುತ್ತದೆ. ತೀರ ಸಾಧಾರಣವೆಂದು ತೋರುವ ಈ ಸೌಲಭ್ಯ ಈಗಿನ ರೂಪಕ್ಕೆ ಬರಲು ಸುಮಾರು ಎರಡು ದಶಕ ಹಿಡಿಯಿತು.

ಬೆಲೆಗೆ ತಕ್ಕಂತೆ ಬಣ್ಣ ಹಚ್ಚುವ ಯೋಚನೆ ಗಣಕಕ್ಕಿಂತ ಬಹಳ ಹಳೆಯದು. ಫ್ರಾನ್ಸಿನ ಷಾರ್ಲ್ ದ್ಯುಪಾಂ 1826ರಲ್ಲಿ ತನ್ನ ದೇಶದ ನಕ್ಷೆಯೊಂದನ್ನು ರಚಿಸಿದ. ಶಿಕ್ಷಣ ಕಡಿಮೆ ಇರುವ ಜಿಲ್ಲೆಗೆ ಹೆಚ್ಚು ಕಪ್ಪು ಛಾಯೆ ಕೊಟ್ಟ. ಅದೇ ದೇಶದ ತುಸೈಂ ಲುವಾ 1873ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಪ್ಯಾರಿಸಿನ 20 ವಿಭಾಗಗಳ ಜನಸಂಖ್ಯೆಯ ವಿವರಗಳನ್ನು ಅವನು 40 ನಕ್ಷೆಗಳಲ್ಲಿ ಚಿತ್ರಿಸಿದ್ದ. ಅವೆಲ್ಲವನ್ನೂ ಒಂದೇ ಕೋಷ್ಟಕಕ್ಕೆ ಇಳಿಸಿ, ಕಡಿಮೆಗೆ ಬಿಳಿ, ಅಲ್ಲಿಂದ ಮೇಲಕ್ಕೆ ಹಳದಿ, ನೀಲಿ, ಅತಿ ಹೆಚ್ಚಿಗೆ ಕೆಂಪು ಎಂದು ಚೌಕಗಳನ್ನು ತುಂಬಿದ. ಇಂದಿನ ಯಾವುದೇ ಕಚೇರಿಯ ಬಣ್ಣದ ಸ್ಪ್ರೆಡ್‌ಶೀಟಿನ ಪಕ್ಕದಲ್ಲಿ ಇದನ್ನಿಟ್ಟರೆ ಒಂದೇ ಮನೆತನದವು ಎನಿಸುತ್ತದೆ. ಆದರೆ ಒಂದು ಅಂಕೆ ತಪ್ಪಿದ್ದರೆ ಆ ಚೌಕವನ್ನು ಕೈಯಿಂದಲೇ ಮತ್ತೆ ಬಣ್ಣಿಸಬೇಕಿತ್ತು.

ತಿದ್ದುವ ಈ ಕಷ್ಟವೇ ಸ್ಪ್ರೆಡ್‌ಶೀಟ್ ತಂತ್ರಾಂಶದ ಹುಟ್ಟಿಗೂ ಕಾರಣ. 1978ರಲ್ಲಿ ಹಾರ್ವರ್ಡಿನ ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್, ಕಪ್ಪು ಹಲಗೆಯ ಮೇಲೆ ಒಂದು ಅಂಕೆ ಬದಲಾದರೆ ಅದಕ್ಕಂಟಿದ ಉಳಿದೆಲ್ಲವನ್ನೂ ಅಳಿಸಿ ಬರೆಯುವ ಪಾಡನ್ನು ಕಂಡು, ತಾನಾಗಿ ತಿದ್ದಿಕೊಳ್ಳುವ ಹಲಗೆಯೊಂದನ್ನು ಕಲ್ಪಿಸಿಕೊಂಡ. ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ 1979ರಲ್ಲಿ ಆಪಲ್ 2 ಗಣಕಕ್ಕೆ ತಂದ ವಿಸಿಕ್ಯಾಲ್ಕ್‌ನಲ್ಲಿ 63 ಕಂಬಸಾಲು, 254 ಅಡ್ಡಸಾಲುಗಳಿದ್ದವು. ಅಂಕೆಗಳು ತಾವಾಗಿ ಬದಲಾಗುತ್ತಿದ್ದವು. ಬಣ್ಣ ಮಾತ್ರ ಇರಲಿಲ್ಲ. ಆ ಕಾಲದ ಬಹುಪಾಲು ಪರದೆಗಳೇ ಒಂದು ಬಣ್ಣದವು.

ಬಣ್ಣ ಮೊದಲು ಒಳಗೆ ಬಂದದ್ದು ಹಿಂಬಾಗಿಲಿನಿಂದ ಎನ್ನಬಹುದು. 1987ರಲ್ಲಿ ವಿಂಡೋಸ್‌ಗೆ ಬಂದ ಎಕ್ಸೆಲ್‌ನಲ್ಲಿ, ಸಂಖ್ಯೆಯನ್ನು ಹೇಗೆ ತೋರಿಸಬೇಕೆಂಬ ಸೂಚನೆಯಲ್ಲಿಯೇ ಬಣ್ಣದ ಹೆಸರನ್ನು ಸೇರಿಸಬಹುದಿತ್ತು. ಧನ ಸಂಖ್ಯೆಗೆ ಒಂದು ರೂಪ, ಅರ್ಧವಿರಾಮ, ಆಮೇಲೆ ಋಣ ಸಂಖ್ಯೆಗೆ ಚೌಕ ಆವರಣದೊಳಗೆ ‘ರೆಡ್’ ಎಂಬ ಪದ. ಇದು ಲೆಕ್ಕಿಗನ ಕೆಂಪು ಶಾಯಿಯೇ. ಬಣ್ಣ ಬರುತ್ತಿದ್ದುದು ಅಂಕೆಗೆ, ಕೋಶದ ಹಿನ್ನೆಲೆಗಲ್ಲ.

1990ರ ದಶಕದ ಆರಂಭದಲ್ಲಿ ಬೋರ್‌ಲ್ಯಾಂಡ್ ಸಂಸ್ಥೆಯ ಕ್ವಾಟ್ರೊ ಪ್ರೊ ಇನ್ನೂ ನೇರವಾದ ದಾರಿ ಹಿಡಿಯಿತು. ‘ಸಹಜ’ವೆನ್ನಬಹುದಾದ ಅತಿ ಚಿಕ್ಕ ಹಾಗೂ ಅತಿ ದೊಡ್ಡ ಬೆಲೆಗಳನ್ನು ಹೇಳಿದರೆ ಸಾಕು. ಅದಕ್ಕಿಂತ ಕೆಳಗಿನವಕ್ಕೆ ಒಂದು ಬಣ್ಣ, ನಡುವಿನವಕ್ಕೆ ಒಂದು, ಮೇಲಿನವಕ್ಕೆ ಮತ್ತೊಂದು. ರಕ್ತಪರೀಕ್ಷೆಯ ವರದಿಯಂತೆ! ಇಂದು ಇದನ್ನು ನೆನೆಯುವವರು ಕಡಿಮೆ. ಆದರೆ ಈ ಕಥೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನವಿದೆ.

ಈ ಸೌಲಭ್ಯ ಮನೆಮಾತಾದದ್ದು ಎಕ್ಸೆಲ್ 97ರಿಂದ. ಅದರಲ್ಲಿ ‘ಕಂಡಿಶನಲ್ ಫಾರ್ಮ್ಯಾಟಿಂಗ್’, ಅಂದರೆ ಷರತ್ತಿಗೆ ತಕ್ಕ ರೂಪ, ಎಂಬ ಆಯ್ಕೆ ಬಂತು. ಒಂದು ಕೋಶಕ್ಕೆ ಮೂರು ಷರತ್ತುಗಳವರೆಗೆ ಹಾಕಬಹುದಿತ್ತು. ಗಣಕ ಮೇಲಿನಿಂದ ಕೆಳಕ್ಕೆ ನೋಡುತ್ತ, ಮೊದಲು ನಿಜವಾದ ಷರತ್ತಿನ ಬಣ್ಣ ಹಚ್ಚಿ ನಿಲ್ಲುತ್ತಿತ್ತು. ಹಾಗಾಗಿ ಷರತ್ತುಗಳ ಕ್ರಮವೂ ಮುಖ್ಯ. ‘35ಕ್ಕೆ ಕಡಿಮೆ’ ಎಂಬುದನ್ನು ಮೊದಲು ಬರೆದು ‘10ಕ್ಕೆ ಕಡಿಮೆ’ ಎಂಬುದನ್ನು ಆಮೇಲೆ ಬರೆದರೆ ಎರಡನೆಯದರ ಸರದಿ ಎಂದೂ ಬರುವುದಿಲ್ಲ.

ಮೇಷ್ಟ್ರ ಪೆನ್ನಿಗೂ ಗಣಕದ ಷರತ್ತಿಗೂ ಇರುವ ವ್ಯತ್ಯಾಸ ಕಾಣುವುದು ಇಲ್ಲಿಯೇ. ಮೂರು ಉದಾಹರಣೆ ನೋಡಿ. ಒಬ್ಬ ಹುಡುಗಿಯ ಸರಾಸರಿ 34.6. ದಶಮಾಂಶ ಬೇಡವೆಂದು ಹೇಳಿದ್ದರಿಂದ ಪರದೆಯಲ್ಲಿ 35 ಎಂದೇ ಕಾಣುತ್ತದೆ. ಆದರೂ ಕೋಶ ಕೆಂಪು! ಏಕೆಂದರೆ ಷರತ್ತು ನೋಡುವುದು ಒಳಗಿರುವ ಬೆಲೆಯನ್ನು, ಹೊರಗೆ ಕಾಣುವುದನ್ನಲ್ಲ. ಇನ್ನೊಬ್ಬನ ಅಂಕವನ್ನು ಇನ್ನೂ ತುಂಬಿಲ್ಲ. ಖಾಲಿ ಕೋಶವನ್ನು ಗಣಕ ಸೊನ್ನೆಯೆಂದು ತಿಳಿದು ಕೆಂಪು ಬಳಿಯುತ್ತದೆ. ಮೂರನೆಯವನು ಪರೀಕ್ಷೆಗೇ ಬಂದಿಲ್ಲ, ‘ಗೈರು’ ಎಂದು ಬರೆದಿದೆ. ಎಕ್ಸೆಲ್‌ನ ಹೋಲಿಕೆಯ ನಿಯಮದಲ್ಲಿ ಅಕ್ಷರ ಯಾವ ಸಂಖ್ಯೆಗಿಂತಲೂ ದೊಡ್ಡದು. ಆದ್ದರಿಂದ ‘85ಕ್ಕಿಂತ ಹೆಚ್ಚಿದ್ದರೆ ಹಸಿರು’ ಎಂಬ ಷರತ್ತಿದ್ದರೆ ಗೈರುಹಾಜರಾದವನೇ ಜಾಣರ ಸಾಲಿಗೆ ಸೇರುತ್ತಾನೆ. ಕೈಯಲ್ಲಿ ಕೆಂಪು ಪೆನ್ನು ಹಿಡಿದವರು ಈ ಮೂರರಲ್ಲಿ ಒಂದನ್ನೂ ಮಾಡುತ್ತಿರಲಿಲ್ಲ. ಪಟ್ಟಿಯನ್ನು ಬಣ್ಣದಲ್ಲಷ್ಟೇ ಓದುವ ಮುಖ್ಯೋಪಾಧ್ಯಾಯರಿಗೆ ಈ ತಪ್ಪುಗಳು ಕಾಣುವುದೂ ಇಲ್ಲ. ಅಂಕೆಯನ್ನು ಓದಿದರೆ ಅನುಮಾನ ಬರಬಹುದು; ಬಣ್ಣಕ್ಕೆ ಕಣ್ಣು ಮೊದಲು ಒಪ್ಪಿಬಿಡುತ್ತದೆ.

ಎಕ್ಸೆಲ್ 2007 ಮೂರು ಷರತ್ತುಗಳ ಮಿತಿಯನ್ನು ತೆಗೆದುಹಾಕಿತು. ವರ್ಣಶ್ರೇಣಿ, ಕೋಶದೊಳಗಿನ ಪಟ್ಟಿ, ಪುಟ್ಟ ಚಿಹ್ನೆಗಳು ಎಂಬ ಮೂರು ಹೊಸ ಬಗೆಗಳನ್ನೂ ತಂದಿತು. ವರ್ಣಶ್ರೇಣಿಯಲ್ಲಿ ಗಡಿ ಹಾಕುವವರೇ ಬೇಕಿಲ್ಲ. ಸಾಲಿನ ಅತಿ ಕಡಿಮೆ ಬೆಲೆ ಒಂದು ತುದಿ, ಅತಿ ಹೆಚ್ಚು ಮತ್ತೊಂದು ತುದಿ. ಅನುಕೂಲವೇನೋ ಹೌದು. ಆದರೆ ಎಲ್ಲರೂ 78ಕ್ಕಿಂತ ಹೆಚ್ಚು ಅಂಕ ಪಡೆದ ತರಗತಿಯಲ್ಲಿ 79 ಪಡೆದವಳೂ ಕೆಂಪಾಗಬಹುದು. ಒಬ್ಬರ ಬಣ್ಣ ಉಳಿದವರನ್ನು ಅವಲಂಬಿಸಿದೆ. ಎರಡು ಬಣ್ಣದ ಶ್ರೇಣಿಯಲ್ಲಿ ಯಾರೋ 75ರ ಬದಲು 750 ಎಂದು ಒತ್ತಿದರೆ ಆ ಒಂದು ಕೋಶ ಮೇಲಿನ ತುದಿಯ ಬಣ್ಣ ಹಿಡಿಯುತ್ತದೆ, ಇಡೀ ತರಗತಿ ಕೆಳತುದಿಯ ಬಣ್ಣಕ್ಕೆ ಜಾರುತ್ತದೆ. ಕೋಶದೊಳಗಿನ ಪಟ್ಟಿಯಲ್ಲೂ ಒಂದು ಎಡವಟ್ಟಿತ್ತು: ಬೆಲೆ ಸೊನ್ನೆಯಾದರೂ ಚಿಕ್ಕದೊಂದು ಪಟ್ಟಿ ಕಾಣುತ್ತಿತ್ತು. 2010ರ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿ, ಋಣ ಸಂಖ್ಯೆಗಳಿಗೆ ಎದುರು ದಿಕ್ಕಿನ ಪಟ್ಟಿಯನ್ನೂ ಕೊಟ್ಟರು.

ಕೆಂಪೆಂದರೆ ಕೆಟ್ಟದ್ದು ಎಂಬುದು ಎಲ್ಲ ಕಡೆಯ ಮಾತಲ್ಲ. ಸ್ಟ್ಯಾನ್‌ಫರ್ಡಿನ ಮೈಕೇಲ್ ಐಸೆನ್ ಮತ್ತು ಸಂಗಡಿಗರು 1998ರಲ್ಲಿ ಯೀಸ್ಟಿನ ಜೀನ್‌ಗಳ ಚಟುವಟಿಕೆಯನ್ನು ಬಣ್ಣದ ಕೋಷ್ಟಕದಲ್ಲಿ ತೋರಿಸಿದಾಗ ಕೆಂಪು ಏರಿಕೆಯ, ಹಸಿರು ಇಳಿಕೆಯ ಗುರುತಾಗಿತ್ತು. ಜೀವವಿಜ್ಞಾನದಲ್ಲಿ ಆ ಜೋಡಿ ಬಹುಕಾಲ ರೂಢಿಯಲ್ಲಿತ್ತು. ಚೀನಾದ ಷೇರುಪೇಟೆಯಲ್ಲೂ ಕೆಂಪು ಏರಿಕೆಗೇ. ಯಾವ ಅರ್ಥ ಕೊಟ್ಟರೂ ಈ ಜೋಡಿಯಲ್ಲಿ ತೊಡಕೊಂದಿದೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಮಂದಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯದು. ನಮ್ಮಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆಯಾದರೂ, ಇಲ್ಲವೆನ್ನುವಂತಿಲ್ಲ. ಎಕ್ಸೆಲ್‌ನ ಚಿಹ್ನೆಗಳ ಪೈಕಿ ಒಂದೇ ಆಕಾರದ ಕೆಂಪು-ಹಳದಿ-ಹಸಿರು ದೀಪಗಳು ಇವರಿಗೆ ಅಷ್ಟಾಗಿ ನೆರವಾಗವು. ಮೇಲೆ, ಕೆಳಗೆ ತೋರುವ ಬಾಣಗಳಾದರೆ ಸಾಕು.

ಕಪ್ಪು-ಬಿಳುಪು ಮುದ್ರಕವೂ ಇವರಂತೆಯೇ. ಅದರಲ್ಲಿ ಕೆಂಪು, ಹಸಿರು ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಅಂಕಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸುವ ಶಿಕ್ಷಕರು ಗಮನಿಸಬೇಕಾದ ಆಯ್ಕೆಯೊಂದು ಎಕ್ಸೆಲ್ 97ರಿಂದಲೂ ಇದೆ: ಷರತ್ತಿಗೆ ಬಣ್ಣದ ಜೊತೆಗೆ ಅಡಿಗೆರೆಯನ್ನೂ ಜೋಡಿಸಬಹುದು. ಬಣ್ಣ ಹೋದರೂ ಆ ಗೆರೆ ಕಾಗದದ ಮೇಲೆ ಉಳಿಯುತ್ತದೆ.