ಮೂರನೆಯ ಹಸಿರು ದೀಪ

ಇಳಿಯುವ ಮುನ್ನ ಪೈಲಟ್ ಗೇರ್ ಲಿವರ್ ಕೆಳಗಿಳಿಸಿದರೆ ಮೂರು ಹಸಿರು ದೀಪ ಹತ್ತಬೇಕು. ಮುಂದಿನ ಗಾಲಿಗೊಂದು, ಎಡಬಲದ ಗಾಲಿಗಳಿಗೆ ಒಂದೊಂದು. ಎರಡೇ ಹತ್ತಿದವು ಎನ್ನಿ. ಗಾಲಿ ಇಳಿದಿಲ್ಲದಿರಬಹುದು, ಇಳಿದರೂ ಲಾಕ್ ಬಿದ್ದಿಲ್ಲದಿರಬಹುದು, ಅಥವಾ ಎಲ್ಲ ಸರಿಯಿದ್ದು ದೀಪವೇ ಕೆಟ್ಟಿರಬಹುದು. ಈ ಗೊಂದಲವನ್ನು ನಿಭಾಯಿಸುವ ರೀತಿ ಐವತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ. ಸೆನ್ಸರುಗಳು ಸುಧಾರಿಸಿದ್ದು ಅದಕ್ಕೆ ಒಂದು ಕಾರಣ, ಆದರೆ ಸಣ್ಣ ಕಾರಣ.

1969ರ ಜನವರಿ 13ರ ರಾತ್ರಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ ಡಿಸಿ-8 ಲಾಸ್ ಏಂಜಲೀಸ್‌ಗೆ ಇಳಿಯುತ್ತಿದ್ದಾಗ ಮುಂದಿನ ಗಾಲಿಯ ದೀಪ ಹತ್ತಲಿಲ್ಲ. ಸಿಬ್ಬಂದಿಯ ಗಮನ ಅತ್ತ ಹೋಗಿತ್ತು, ವಿಮಾನ ಸಮುದ್ರಕ್ಕೆ ಬಿತ್ತು. 45 ಜನರಲ್ಲಿ 15 ಮಂದಿ ತೀರಿಕೊಂಡರು. ಆಗ ಇದರಿಂದ ಯಾರೂ ದೊಡ್ಡ ಪಾಠ ಕಲಿತಂತೆ ಕಾಣದು.

ಜಗತ್ತು ತಿರುಗಿ ನೋಡಿದ್ದು 1972ರ ಡಿಸೆಂಬರ್ 29ರಂದು. ಮಯಾಮಿಗೆ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ 401, ಆಗಿನ ಕಾಲಕ್ಕೆ ಅತ್ಯಾಧುನಿಕವಾದ ಲಾಕ್‌ಹೀಡ್ ಟ್ರೈಸ್ಟಾರ್. ಮುಂದಿನ ಗಾಲಿಯ ದೀಪ ಇಲ್ಲೂ ಹತ್ತಲಿಲ್ಲ. ವಿಮಾನವನ್ನು 2000 ಅಡಿಗೆ ಏರಿಸಿ, ಆಟೊಪೈಲಟ್‌ಗೆ ಒಪ್ಪಿಸಿ, ಎವರ್‌ಗ್ಲೇಡ್ಸ್ ಜೌಗಿನ ಕತ್ತಲ ಮೇಲೆ ತಿರುಗಿಸಿದರು. ದೀಪದ ಬುರುಡೆ ಬಿಚ್ಚಿ ಮತ್ತೆ ಕೂರಿಸಹೋದರೆ ಅದು ಓರೆಯಾಗಿ ಸಿಕ್ಕಿಕೊಂಡಿತು. ಫ್ಲೈಟ್ ಎಂಜಿನಿಯರ್ ಕಾಕ್‌ಪಿಟ್ ಕೆಳಗಿನ ಸಂದಿಗಿಳಿದು ಗಾಲಿಯನ್ನು ಕಣ್ಣಾರೆ ನೋಡಲು ಯತ್ನಿಸಿದರು. ಈ ನಡುವೆ ಯಾರದೋ ಕೈ ಅಥವಾ ಮೈ ಚುಕ್ಕಾಣಿಗೆ ತಾಗಿ, ಎತ್ತರ ಕಾಯುತ್ತಿದ್ದ ಆಟೊಪೈಲಟ್ ಸದ್ದಿಲ್ಲದೆ ಆ ಕೆಲಸ ಕೈಬಿಟ್ಟಿತು. ಎಚ್ಚರಿಕೆಯ ಗಂಟೆ ಒಮ್ಮೆ ಮೊಳಗಿತು, ಯಾರೂ ಗಮನಿಸಲಿಲ್ಲ. ವಿಮಾನ ಇಳಿಯುತ್ತ ಹೋಗಿ ಜೌಗಿಗೆ ಬಿತ್ತು. 176 ಜನರಲ್ಲಿ 101 ಮಂದಿ ಸತ್ತರು. ಗಾಲಿ ಇಳಿದು ಲಾಕ್ ಆಗಿಯೇ ಇತ್ತು, ಸುಟ್ಟುಹೋಗಿದ್ದು ಬಲ್ಬುಗಳು. ಇಷ್ಟು ಅನುಭವಿಗಳು ಒಂದೇ ದೀಪದ ಸುತ್ತ ನೆರೆದಾಗ ವಿಮಾನ ಹಾರಿಸುವವರೇ ಇಲ್ಲದಂತಾಯಿತು.

ಆರು ವರ್ಷದ ನಂತರ ಪೋರ್ಟ್‌ಲೆಂಡ್‌ನಲ್ಲಿ ನಡೆದದ್ದು ನನ್ನ ದೃಷ್ಟಿಯಲ್ಲಿ ಇನ್ನೂ ಕಲಿಸುವಂಥದ್ದು. 1978ರ ಡಿಸೆಂಬರ್ 28. ಯುನೈಟೆಡ್ 173ರ ಬಲಗಾಲಿಯ ದಂಡ ತುಕ್ಕು ಹಿಡಿದು ಮುರಿದು, ಗಾಲಿ ಧಡ್ಡನೆ ಕೆಳಗೆ ಬಿತ್ತು. ಆ ಏಟಿಗೆ ಅದರ ಮೈಕ್ರೊಸ್ವಿಚ್ ಕೆಟ್ಟಿತು, ದೀಪ ಹತ್ತಲಿಲ್ಲ. ಆ ಡಿಸಿ-8ರ ರೆಕ್ಕೆಗಳ ಮೇಲೆ, ಗಾಲಿ ಲಾಕ್ ಆದಾಗ ಮೇಲೆದ್ದು ಕಾಣುವ ಗುರುತುಗಳಿದ್ದವು. ಸಿಬ್ಬಂದಿ ಅವನ್ನು ನೋಡಿಯೂ ಬಂದಿದ್ದರು, ಅವು ಸರಿಯಾಗಿಯೇ ಇದ್ದವು. ಆದರೂ ಕ್ಯಾಪ್ಟನ್ ಪ್ರಯಾಣಿಕರನ್ನು ಅಪಘಾತಕ್ಕೆ ಸಿದ್ಧಪಡಿಸುತ್ತ ಸುಮಾರು ಒಂದು ಗಂಟೆ ಸುತ್ತಿದರು. ಇಂಧನ ಮುಗಿಯುತ್ತಿದೆ ಎಂದು ಜೊತೆಯವರು ಅಳುಕಿನಿಂದ ಸೂಚಿಸಿದರೇ ಹೊರತು ಗಟ್ಟಿಯಾಗಿ ಹೇಳಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತವು. ಹತ್ತು ಜನ ಸತ್ತರು.

ದೀಪದ ಗೊಂದಲ ನಿಭಾಯಿಸುವ ವಿದ್ಯೆಯ ತಿರುವು ಇಲ್ಲಿಂದಲೇ. 1979ರಲ್ಲಿ ನಾಸಾ ಕಾಕ್‌ಪಿಟ್‌ನ ಮನುಷ್ಯ ವ್ಯವಹಾರದ ಬಗ್ಗೆಯೇ ಕಮ್ಮಟ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಪೈಲಟ್‌ಗಳಿಗೆ ತರಬೇತಿ ಶುರುಮಾಡಿತು. ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಎಂಬ ಹೆಸರಿನ ಆ ತರಬೇತಿ ಇಂದು ಭಾರತದಲ್ಲೂ ಕಡ್ಡಾಯ. ತೊಂದರೆ ಬಂದಾಗ ಒಬ್ಬರು ಹಾರಿಸುವುದನ್ನಷ್ಟೇ ಮಾಡಬೇಕು, ಇನ್ನೊಬ್ಬರು ಚೆಕ್‌ಲಿಸ್ಟ್ ಓದಬೇಕು. ಇಂಧನ ಎಷ್ಟಿದ್ದಾಗ ಇಳಿದೇ ತೀರಬೇಕೆಂಬುದನ್ನು ಮೊದಲೇ ನಿಗದಿ ಮಾಡಬೇಕು. ಕಿರಿಯರಿಗೆ ಅನುಮಾನ ಬಂದರೆ ಬಾಯಿಬಿಟ್ಟು ಹೇಳಬೇಕು. ಕ್ಯಾಪ್ಟನ್ ದೇವರಿಗೆ ಸಮಾನ ಎಂಬ ಹಳೆಯ ವಾತಾವರಣದಲ್ಲಿ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು.

ಉಪಕರಣಗಳೂ ಬದಲಾದವು. ಮೈಕ್ರೊಸ್ವಿಚ್ ಜಾಗಕ್ಕೆ ಸ್ಪರ್ಶವಿಲ್ಲದೆ ಸ್ಥಾನ ತಿಳಿಯುವ ಸೆನ್ಸರುಗಳು ಬಂದವು. ಏರ್‌ಬಸ್ ಎ320ಯಲ್ಲಿ ಎರಡು ಪ್ರತ್ಯೇಕ ಕಂಪ್ಯೂಟರುಗಳು ಪ್ರತಿ ಗಾಲಿಯನ್ನೂ ಗಮನಿಸಿ ಪರದೆಯ ಮೇಲೆ ಎರಡೆರಡು ತ್ರಿಕೋನ ತೋರಿಸುತ್ತವೆ. ಒಂದು ಹಸಿರಾದರೂ ಆ ಗಾಲಿ ಲಾಕ್ ಆಗಿದೆ ಎಂದೇ ಲೆಕ್ಕ. ಬೋಯಿಂಗ್ 737ರಲ್ಲಿ ತಲೆಯ ಮೇಲಿನ ಪ್ಯಾನೆಲ್‌ನಲ್ಲಿ ಇನ್ನೊಂದು ಜೊತೆ ದೀಪಗಳಿವೆ. ಬಲ್ಬೋ ಗಾಲಿಯೋ ಎಂಬ ಪ್ರಶ್ನೆ ಇದರಿಂದ ಬಹುಮಟ್ಟಿಗೆ ತೀರಿತು.

ಪೂರ್ತಿ ಅಲ್ಲ. 2005ರ ಸೆಪ್ಟೆಂಬರ್ 21ರಂದು ಜೆಟ್‌ಬ್ಲೂ 292ರ ಮುಂದಿನ ಗಾಲಿ ಅಡ್ಡಡ್ಡ ತಿರುಗಿ ನಿಂತಿದ್ದು ಸ್ಪಷ್ಟವಾದದ್ದು ಲಾಂಗ್ ಬೀಚ್ ಟವರ್ ಪಕ್ಕದಲ್ಲಿ ತಗ್ಗಾಗಿ ಹಾರಿದಾಗ. ಸುಮಾರು ಮೂರು ಗಂಟೆ ಹಾರಿ ಇಂಧನ ಸುಟ್ಟು ಲಾಸ್ ಏಂಜಲೀಸ್‌ನಲ್ಲಿ ಇಳಿದರು, ಯಾರಿಗೂ ಗಾಯವಾಗಲಿಲ್ಲ. ಕೆಳಗಿನಿಂದ ನೋಡುವವರು ಗಾಲಿ ಹೊರಬಂದಿದೆಯೇ, ನೆಟ್ಟಗಿದೆಯೇ ಎಂದು ಹೇಳಬಲ್ಲರು. ಲಾಕ್ ಬಿದ್ದಿದೆಯೇ ಎಂಬುದು ಅವರ ಕಣ್ಣಿಗೂ ಬೀಳದು.

ಶಿಸ್ತು ಇದ್ದೂ ಎಡವಬಹುದು ಎಂಬುದಕ್ಕೆ 2011ರ ನವೆಂಬರ್ 1ರ ವಾರ್ಸಾ ಸಾಕ್ಷಿ. ನ್ಯೂಆರ್ಕ್‌ನಿಂದ ಬಂದ ಲಾಟ್ ಸಂಸ್ಥೆಯ ಬೋಯಿಂಗ್ 767ರಲ್ಲಿ ಹೈಡ್ರಾಲಿಕ್ ದ್ರವ ಸೋರಿಹೋಗಿತ್ತು, ಗಾಲಿಗಳನ್ನು ಇಳಿಸುವ ಪರ್ಯಾಯ ವ್ಯವಸ್ಥೆಯೂ ಕೆಲಸ ಮಾಡಲಿಲ್ಲ. ದೀಪಗಳು ಈ ಸಲ ನಿಜವನ್ನೇ ಹೇಳುತ್ತಿದ್ದವು. ನೆಲದ ಮೇಲಿನ ತಜ್ಞರ ಸಲಹೆ ಪಡೆದು, ಸುತ್ತಿ, ಇಂಧನ ಇಳಿಸಿಕೊಂಡು ಕ್ಯಾಪ್ಟನ್ ತಾದೆಉಷ್ ವ್ರೋನಾ ವಿಮಾನವನ್ನು ಹೊಟ್ಟೆಯ ಮೇಲೇ ಇಳಿಸಿದರು. 231 ಜನರೂ ಕ್ಷೇಮ. ಅವರ ಕೌಶಲಕ್ಕೆ ಸಂದ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಪರ್ಯಾಯ ವ್ಯವಸ್ಥೆಗೂ ವಿದ್ಯುತ್ ಕೊಡುವ ಒಂದು ಸರ್ಕ್ಯೂಟ್ ಬ್ರೇಕರ್ ಹೊರಬಂದಿದ್ದುದು ಕಾಕ್‌ಪಿಟ್‌ನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಿಮಾನವನ್ನು ರನ್‌ವೇಯಿಂದ ಎತ್ತಿ, ಅದನ್ನು ಒಳಗೊತ್ತಿದ ಮೇಲೆ ಗಾಲಿಗಳು ಇಳಿದವು.